ಪ್ರತಿಕಾಯವೆಂಬ ಅಳತೆಗೋಲು

ಬರಿಗಾಲಿನಲ್ಲಿ ನಡೆಯುವಾಗ ಅಂಗಾಲಿಗೆ ಮುಳ್ಳು ಚುಚ್ಚಿದರೆ, ಮರುದಿನದ ಹೊತ್ತಿಗೆ ಆ ಜಾಗವು ಕೆಂಪಾಗಿ ಊದಿಕೊಳ್ಳುವುದನ್ನೂ, ಎರಡು ಮೂರು ದಿನಗಳಲ್ಲಿ ಅಲ್ಲಿ ಕೀವು ಕಟ್ಟುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಈ ಕೀವು ಬಹುಮಟ್ಟಿಗೆ ಹೋರಾಡಿ ಸತ್ತ ಬಿಳಿಯ ರಕ್ತಕಣಗಳ ರಾಶಿಯೇ ಆಗಿದೆ. ಇಲ್ಲೊಂದು ಪ್ರಶ್ನೆ ಏಳುತ್ತದೆ. ರಕ್ತದ ಪ್ರವಾಹದಲ್ಲಿ ಎಲ್ಲೆಲ್ಲಿಯೋ ಸಂಚರಿಸುತ್ತಿದ್ದ ಈ ಕಣಗಳಿಗೆ, ಅಂಗಾಲಿನ ಒಂದು ಬಿಂದುವಿನಲ್ಲಿ ಗಾಯವಾಗಿದೆಯೆಂಬ ಸಮಾಚಾರ ಮುಟ್ಟಿದುದು ಹೇಗೆ? ಅವುಗಳಿಗೆ ಕಣ್ಣಿಲ್ಲ, ಕಿವಿಯಿಲ್ಲ. ಆದರೂ ಅವು ದಾರಿ ತಪ್ಪದೆ ಬಂದು ಸೇರಿದುವು.

೧೮೮೨ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾ ನಗರದಲ್ಲಿದ್ದ ರಷ್ಯದ ವಿಜ್ಞಾನಿ ಇಲ್ಯಾ ಮೆಚ್ನಿಕಾಫರು ಪಾರದರ್ಶಕವಾದ ನಕ್ಷತ್ರಮೀನಿನ ಮರಿಯ ಮೈಗೆ ಮುಳ್ಳನ್ನು ಚುಚ್ಚಿ, ಅದರ ಸುತ್ತಲೂ ಸಂಚಾರಿ ಜೀವಕೋಶಗಳು ಬಂದು ಕವಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅವು ಬರುವುದು ಅಂದೇ ತಿಳಿಯಿತು; ಅವನ್ನು ಕರೆಯುವ ದ್ರವ್ಯ ಯಾವುದೆಂಬುದು ತಿಳಿಯಲು ಮತ್ತೆ ಒಂದು ಶತಮಾನವೇ ಬೇಕಾಯಿತು. ಬೆಲ್ಲದ ಚೂರು ಬಿದ್ದ ಕಡೆಗೆ ಇರುವೆಗಳು ವಾಸನೆಯ ಜಾಡು ಹಿಡಿದು ಹೋಗುವಂತೆ, ರಕ್ಷಕ ಕಣಗಳು ಕೆಲವು ಸಣ್ಣ ಪ್ರೋಟೀನುಗಳ ಜಾಡನ್ನು ಹಿಡಿದು ಚಲಿಸುತ್ತವೆ. ಇವುಗಳಿಗೆ ಕೀಮೋಕೈನುಗಳೆಂದು ಹೆಸರು. ಮಾನವನ ದೇಹದಲ್ಲಿ ಇವು ಸುಮಾರು ಐವತ್ತು ಬಗೆಯಾಗಿವೆ. ಗಾಯದ ಬಳಿ ಇವುಗಳ ಸಾಂದ್ರತೆ ಹೆಚ್ಚು, ದೂರ ಹೋದಂತೆ ಕಡಿಮೆ. ಸಾಂದ್ರತೆ ಏರುವ ದಿಕ್ಕಿಗೆ ಕಣವು ತೆವಳುತ್ತದೆ.

ವಾಸನೆಯಿದ್ದರೆ ಸಾಲದು, ಅದನ್ನು ಗ್ರಹಿಸುವ ಮೂಗೂ ಇರಬೇಕಷ್ಟೆ. ಕಣದ ಹೊರಮೈಯಲ್ಲಿ ನೆಟ್ಟಿರುವ ಕೀಮೋಕೈನು ಗ್ರಾಹಿಗಳೇ ಈ ಮೂಗು. ಯಾವ ಕಣದ ಮೇಲೆ ಯಾವ ಗ್ರಾಹಿ ಇದೆಯೋ ಆ ಕಣವು ಆ ಕರೆಗೆ ಮಾತ್ರ ಓಗೊಡುತ್ತದೆ. ಆದುದರಿಂದ ಒಂದು ಕಣದ ಮೇಲೆ ಇಂಥ ಗ್ರಾಹಿ ಇದೆಯೇ, ಇದ್ದರೆ ಎಷ್ಟಿದೆ ಎಂಬುದನ್ನು ಅರಿಯುವುದು ರೋಗನಿರೋಧ ಶಾಸ್ತ್ರದಲ್ಲಿ ಮಹತ್ವದ ಕಾರ್ಯ. ಈ ಲೇಖನದಲ್ಲಿ ಅಂಥ ಒಂದು ಗ್ರಾಹಿಯನ್ನೂ, ಅದನ್ನು ಕಾಣಿಸಿಕೊಡುವ ಸಾಧನವನ್ನೂ ಪರಿಶೀಲಿಸೋಣ. ಆ ಗ್ರಾಹಿಯ ಹೆಸರು ಸಿ.ಸಿ.ಆರ್.೫, ಸಾಧನವು ಒಂದು ಪ್ರತಿಕಾಯ.

ಕಣ್ಣಿಗೆ ಏಕೆ ಕಾಣದು?

ಈ ಗ್ರಾಹಿಯನ್ನು ಬ್ರಸೆಲ್ಸ್ ನಗರದ ಮಾರ್ಕ್ ಪಾರ್ಮೆಂತಿಯೆ ಅವರ ಪ್ರಯೋಗಶಾಲೆಯವರು ೧೯೯೬ರಲ್ಲಿ ವರ್ಣಿಸಿದರು. ಹೆಸರಿನಲ್ಲಿ ಗೂಢವೇನೂ ಇಲ್ಲ. ಇದು ಗ್ರಹಿಸುವ ಕೀಮೋಕೈನುಗಳಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಎರಡು ಘಟಕಗಳು ಅಕ್ಕಪಕ್ಕದಲ್ಲಿವೆ. ಅದರಿಂದ ಎರಡು 'ಸಿ'ಗಳು. 'ಆರ್' ಎಂಬುದು ಗ್ರಾಹಿಯ ಆಂಗ್ಲ ಹೆಸರಿನ ಮೊದಲಕ್ಷರ. ಐದು ಎಂಬುದು ಆ ಕುಟುಂಬದಲ್ಲಿ ಇದರ ಕ್ರಮಸಂಖ್ಯೆ. ೩೫೨ ಅಮೈನೋ ಆಮ್ಲಗಳ ಈ ಸರಪಣಿಯು, ಬಟ್ಟೆಯಲ್ಲಿ ಸೂಜಿದಾರವು ಹಾಯುವಂತೆ, ಕಣದ ಪೊರೆಯನ್ನು ಏಳು ಸಲ ದಾಟುತ್ತದೆ. ಹೀಗೆ ಹಾಯುವಾಗ ಅದರ ಒಂದು ತುದಿಯೂ ಮೂರು ಕುಣಿಕೆಗಳೂ ಪೊರೆಯ ಹೊರಗೆ ಉಳಿಯುತ್ತವೆ. ಕೀಮೋಕೈನು ಬಂದು ತಗುಲುವುದು ಈ ಹೊರಭಾಗಕ್ಕೆ.

ಪ್ರಬಲವಾದ ಸೂಕ್ಷ್ಮದರ್ಶಕವಿದ್ದರೆ ಇದನ್ನು ನೇರವಾಗಿ ನೋಡಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಬೆಳಕಿನ ಸ್ವಭಾವವೇ ಇದಕ್ಕೆ ಅಡ್ಡಿಯಾಗಿದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವು ಸುಮಾರು ೪೦೦ರಿಂದ ೭೦೦ ನ್ಯಾನೋಮೀಟರುಗಳು. ಅಲೆಯುದ್ದದ ಸುಮಾರು ಅರ್ಧಕ್ಕಿಂತ ಹತ್ತಿರದಲ್ಲಿರುವ ಎರಡು ಬಿಂದುಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕವು ಬೇರ್ಪಡಿಸಿ ತೋರಿಸಲಾರದೆಂದು ೧೮೭೩ರಲ್ಲಿಯೇ ಜರ್ಮನಿಯ ಅರ್ನ್ಸ್ಟ್ ಆಬೆ ತೋರಿಸಿಕೊಟ್ಟರು. ನಮ್ಮ ಗ್ರಾಹಿಯಾದರೋ ಕೆಲವೇ ನ್ಯಾನೋಮೀಟರುಗಳಷ್ಟು ಅಗಲದ್ದು. ಸಾಲದುದಕ್ಕೆ ಅದು ಬಣ್ಣವಿಲ್ಲದ ವಸ್ತು. ತನ್ನಂತೆಯೇ ಬಣ್ಣವಿಲ್ಲದ ಸಾವಿರಾರು ಬಗೆಯ ಪ್ರೋಟೀನುಗಳ ನಡುವೆ ಅದು ಹುದುಗಿದೆ. ಆದುದರಿಂದ ಅದನ್ನು ನೋಡುವ ಆಸೆಯನ್ನು ಬಿಟ್ಟು, ಅದನ್ನು ಮಾತ್ರ ಹುಡುಕಿ ಹಿಡಿಯುವ ದೂತನೊಬ್ಬನನ್ನು ಕಳುಹಿಸಿ, ಆ ದೂತನ ಕೈಗೆ ದೀಪವನ್ನು ಕೊಡುವುದೇ ಉಳಿದ ಉಪಾಯ.

ದೂತನನ್ನು ಪಡೆಯುವ ಬಗೆ

ಇಂಥ ದೂತನನ್ನು ಪ್ರಕೃತಿಯೇ ಸಿದ್ಧಪಡಿಸಿದೆ. ದೇಹದೊಳಕ್ಕೆ ಪರವಸ್ತುವೊಂದು ಪ್ರವೇಶಿಸಿದರೆ, ಅದಕ್ಕೆ ಮಾತ್ರ ಒಪ್ಪುವ ಪ್ರೋಟೀನೊಂದು ರಕ್ತದಲ್ಲಿ ಹುಟ್ಟುತ್ತದೆ. ಬರ್ಲಿನಿನಲ್ಲಿ ಎಮಿಲ್ ಫಾನ್ ಬೆಹ್ರಿಂಗ್ ಮತ್ತು ಜಪಾನಿನ ಕಿಟಾಸಾಟೋ ಶಿಬಾಸಾಬುರೋ ಅವರು ೧೮೯೦ರಲ್ಲಿ ಧನುರ್ವಾಯು ಮತ್ತು ಗಂಟಲಮಾರಿಯ ವಿಷಗಳನ್ನು ಅಡಗಿಸುವ ಶಕ್ತಿಯನ್ನು ಪ್ರಾಣಿಗಳ ರಕ್ತರಸದಲ್ಲಿ ಕಂಡುದು ಈ ವಿದ್ಯೆಯ ಆರಂಭ. ಆ ಶಕ್ತಿಗೆ ಆಧಾರವಾದ ಪ್ರೋಟೀನುಗಳೇ ಪ್ರತಿಕಾಯಗಳು. ಸಾಮಾನ್ಯ ಪ್ರತಿಕಾಯದ ಅಣುವು ಕವೆಗೋಲಿನ ಆಕಾರದಲ್ಲಿದೆ. ಅದರ ಎರಡು ಕವಲುಗಳ ತುದಿಗಳು ತಮಗೆ ಒಪ್ಪುವ ಆಕಾರವನ್ನು, ಬೀಗಕ್ಕೆ ಬೀಗದ ಕೈ ಹೊಂದುವಂತೆ, ಹಿಡಿದುಕೊಳ್ಳುತ್ತವೆ. ಕೆಳಗಿನ ಹಿಡಿಯಾದರೋ ಒಂದು ವರ್ಗದ ಪ್ರತಿಕಾಯಗಳಲ್ಲೆಲ್ಲ ಒಂದೇ ಬಗೆಯದು. ಈ ಹಿಡಿಯ ಮಾತು ಮುಂದೆ ಬೇಕಾಗುವುದರಿಂದ ವಾಚಕರು ಅದನ್ನು ನೆನಪಿಡಬೇಕು.

ಪ್ರಾಣಿಯ ರಕ್ತದಲ್ಲಿ ಏಕಕಾಲಕ್ಕೆ ಅಸಂಖ್ಯಾತ ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಅಳತೆಯ ಕೆಲಸಕ್ಕೆ ಬೇಕಾದುದು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತಹ ಪ್ರತಿಕಾಯ. ಇದನ್ನು ಪಡೆಯುವ ಮಾರ್ಗವನ್ನು ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಅವರು ೧೯೭೫ರಲ್ಲಿ ಕಂಡುಹಿಡಿದರು. ಇಲಿಯ ಗುಲ್ಮದಲ್ಲಿ ಪ್ರತಿಕಾಯವನ್ನು ತಯಾರಿಸುವ ಜೀವಕೋಶಗಳು ದೇಹದ ಹೊರಗೆ ಬಹುಕಾಲ ಬದುಕುವುದಿಲ್ಲ. ಅರ್ಬುದರೋಗದ ಜೀವಕೋಶಗಳು ನಿರಂತರವಾಗಿ ಬೆಳೆಯುತ್ತವೆ. ಇವೆರಡನ್ನೂ ಬೆಸೆದರೆ, ಒಂದರಿಂದ ಪ್ರತಿಕಾಯದ ವಿದ್ಯೆಯನ್ನೂ ಇನ್ನೊಂದರಿಂದ ಅಳಿವಿಲ್ಲದ ಆಯುಸ್ಸನ್ನೂ ಪಡೆದ ಸಂಕರ ಜೀವಕೋಶವು ದೊರೆಯುತ್ತದೆ. ಅಂಥ ಒಂದೇ ಜೀವಕೋಶದ ಸಂತತಿಯನ್ನು ಬೇರೆಯಾಗಿ ಬೆಳೆಸಿದರೆ ಅದು ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಕೊಡುತ್ತದೆ. ಈ ಸಾಧನೆಗಾಗಿ ಅವರಿಬ್ಬರಿಗೂ, ತಾತ್ತ್ವಿಕ ಕಾರ್ಯಕ್ಕಾಗಿ ನೀಲ್ಸ್ ಯೆರ್ನ್ ಅವರಿಗೂ ೧೯೮೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಸಿ.ಸಿ.ಆರ್.೫ರ ಪ್ರತಿಕಾಯಗಳು ಹುಟ್ಟಿದುದೂ ಇದೇ ಮಾರ್ಗದಲ್ಲಿ. ಆದರೆ ಇಲ್ಲೊಂದು ತೊಡಕಿತ್ತು. ಪೊರೆಯಿಂದ ಬಿಡಿಸಿ ತೆಗೆದರೆ ಈ ಗ್ರಾಹಿಯ ಮಡಿಕೆಗಳು ಕೆಡುತ್ತವೆ. ಕೆಟ್ಟ ಆಕಾರಕ್ಕೆ ಒಪ್ಪುವ ಪ್ರತಿಕಾಯವು ಸಹಜವಾದ ಆಕಾರವನ್ನು ಗುರುತಿಸದೆ ಹೋಗಬಹುದು. ಆದಕಾರಣ ಮಾನವನ ಸಿ.ಸಿ.ಆರ್.೫ನ್ನು ಹೇರಳವಾಗಿ ಧರಿಸಿದ ಜೀವಂತ ಕಣಗಳನ್ನೇ ಇಲಿಗೆ ಚುಚ್ಚುವ ಕ್ರಮ ಬಳಕೆಗೆ ಬಂದಿತು. ಆಮೇಲೆ ದೊರೆತ ನೂರಾರು ಸಂತತಿಗಳಲ್ಲಿ, ಗ್ರಾಹಿಯಿರುವ ಕಣಕ್ಕೆ ಅಂಟುವ ಮತ್ತು ಅದೇ ಜಾತಿಯ ಗ್ರಾಹಿಯಿಲ್ಲದ ಕಣಕ್ಕೆ ಅಂಟದಿರುವ ಪ್ರತಿಕಾಯವನ್ನು ಕೊಡುವ ಸಂತತಿಯನ್ನು ಆರಿಸಬೇಕು. ಹೀಗೆ ಪಡೆದವುಗಳಲ್ಲಿ ಹೆಸರಾದುದು ೧೯೯೭ರಲ್ಲಿ ವರ್ಣಿತವಾದ ೨ಡಿ೭ ಎಂಬ ಪ್ರತಿಕಾಯ. ಅದು ಗ್ರಾಹಿಯ ಎರಡನೆಯ ಹೊರಕುಣಿಕೆಯನ್ನು ಹಿಡಿಯುತ್ತದೆ. ೩ಎ೯ ಎಂಬ ಇನ್ನೊಂದು ಪ್ರತಿಕಾಯವು ಹೊರಗೆ ಚಾಚಿದ ತುದಿಯನ್ನು ಹಿಡಿಯುತ್ತದೆ. ಎರಡೂ ಒಂದೇ ಗ್ರಾಹಿಯನ್ನು ಗುರುತಿಸುತ್ತವೆ. ಆದರೆ ಒಂದೇ ಸ್ಥಳವನ್ನಲ್ಲ.

ದೂತನ ಕೈಯ ದೀಪ

ಇನ್ನು ದೀಪದ ವಿಚಾರ. ಕ್ವಿನೈನಿನ ದ್ರಾವಣದ ಮೇಲೆ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣ ಬಿದ್ದಾಗ ಅದು ನೀಲಿಯಾಗಿ ಹೊಳೆಯುವುದನ್ನು ಅಭ್ಯಸಿಸಿದ ಜಾರ್ಜ್ ಸ್ಟೋಕ್ಸ್ ಅವರು, ಕೆಲವು ವಸ್ತುಗಳು ಕಿರಿದಾದ ಅಲೆಯುದ್ದದ ಬೆಳಕನ್ನು ನುಂಗಿ ಹಿರಿದಾದ ಅಲೆಯುದ್ದದ ಬೆಳಕನ್ನು ಹೊರಸೂಸುತ್ತವೆಂದು ೧೮೫೨ರಲ್ಲಿ ವಿವರಿಸಿದರು. ನುಂಗಿದ ಶಕ್ತಿಯಲ್ಲಿ ಸ್ವಲ್ಪ ಭಾಗವು ಅಣುವಿನ ಕಂಪನಗಳಲ್ಲಿ ಶಾಖವಾಗಿ ಕಳೆದುಹೋಗುವುದರಿಂದ ಹೊರಬರುವ ಬೆಳಕಿನ ಶಕ್ತಿ ಕಡಿಮೆ, ಅಲೆಯುದ್ದ ಹೆಚ್ಚು. ಇದೇ ಪ್ರತಿದೀಪ್ತಿ. ೧೯೪೧ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಇಂಥ ವರ್ಣದ್ರವ್ಯವನ್ನು ಪ್ರತಿಕಾಯಕ್ಕೆ ಕಟ್ಟಿ, ಅದರ ಹಿಡಿಯುವ ಗುಣವು ಕೆಡುವುದಿಲ್ಲವೆಂದು ತೋರಿಸಿದರು.

ಇಂದು ಬಳಕೆಯಲ್ಲಿರುವ ವರ್ಣದ್ರವ್ಯಗಳಲ್ಲೊಂದಾದ ಫೈಕೋಎರಿತ್ರಿನ್ ಸಮುದ್ರದ ಕೆಂಪು ಪಾಚಿಯಿಂದ ದೊರೆತದ್ದು. ಅದು ೪೮೮ ನ್ಯಾನೋಮೀಟರಿನ ನೀಲಿ ಬೆಳಕನ್ನು ನುಂಗಿ ಸುಮಾರು ೫೭೮ ನ್ಯಾನೋಮೀಟರಿನ ಹಳದಿಗೆಂಪು ಬೆಳಕನ್ನು ಕೊಡುತ್ತದೆ. ನೀಲಿಯನ್ನು ತಡೆದು ಹಳದಿಗೆಂಪನ್ನು ಮಾತ್ರ ಬಿಡುವ ಶೋಧಕವನ್ನು ಅಡ್ಡವಿಟ್ಟರೆ, ಬೆಳಗಿಸುವ ದೀಪದ ಬೆಳಕು ಮರೆಯಾಗಿ ಗುರುತಿನ ಬೆಳಕು ಮಾತ್ರ ಉಳಿಯುತ್ತದೆ.

ಕಣಗಳು ಲಕ್ಷಗಟ್ಟಲೆ. ಅವನ್ನು ಒಂದೊಂದಾಗಿ ಅಳೆಯಲು ಪ್ರವಾಹಮಾಪಕವೆಂದು ಕರೆಯಬಹುದಾದ ಯಂತ್ರವಿದೆ. ಕುರಿಗಳನ್ನು ಹಟ್ಟಿಯ ಕಿರುಬಾಗಿಲಿನಿಂದ ಒಂದೊಂದಾಗಿ ಹಾಯಿಸಿ ಎಣಿಸುವಂತೆ, ಇದರಲ್ಲಿ ಕಣಗಳನ್ನು ಸಣ್ಣ ನೀರಿನ ಎಳೆಯೊಳಗೆ ಸಾಲಾಗಿ ಹರಿಯಿಸುತ್ತಾರೆ. ಪ್ರತಿಯೊಂದು ಕಣವೂ ಲೇಸರ್ ಕಿರಣವನ್ನು ದಾಟುವಾಗ ಕ್ಷಣಮಾತ್ರ ಹೊಳೆಯುತ್ತದೆ. ನೇರಕ್ಕೆ ಚದುರಿದ ಬೆಳಕು ಕಣದ ಗಾತ್ರವನ್ನೂ, ಪಕ್ಕಕ್ಕೆ ಚದುರಿದ ಬೆಳಕು ಒಳಗಿನ ಹರಳುಹರಳಾದ ರಚನೆಯನ್ನೂ, ಪ್ರತಿದೀಪ್ತಿಯು ಅಂಟಿಕೊಂಡ ಪ್ರತಿಕಾಯಗಳ ಪ್ರಮಾಣವನ್ನೂ ಸೂಚಿಸುತ್ತವೆ. ಸೆಕೆಂಡಿಗೆ ಸಾವಿರಾರು ಕಣಗಳ ಲೆಕ್ಕ ಹೀಗೆ ದೊರೆಯುತ್ತದೆ. ಲಾಸ್ ಅಲಮಾಸ್‌ನಲ್ಲಿ ಮ್ಯಾಕ್ ಫುಲ್ವೈಲರ್ ಅವರು ೧೯೬೫ರಲ್ಲಿ, ಕಾಗದದ ಮೇಲೆ ಶಾಯಿಯ ಹನಿಗಳನ್ನು ಚಿಮ್ಮಿಸುವ ತತ್ತ್ವವನ್ನೇ ಬಳಸಿ, ಕಣಗಳನ್ನು ವಿಂಗಡಿಸುವ ಯಂತ್ರವನ್ನು ರಚಿಸಿದರು. ಪ್ರತಿದೀಪ್ತಿಯ ಆಧಾರದ ಮೇಲೆ ವಿಂಗಡಿಸುವಂತೆ ಅದನ್ನು ಬೆಳೆಸಿದವರಲ್ಲಿ ಸ್ಟ್ಯಾನ್‌ಫರ್ಡಿನ ಲಿಯೊನಾರ್ಡ್ ಹರ್ಜೆನ್‌ಬರ್ಗ್ ಪ್ರಮುಖರು.

ಶೂನ್ಯವನ್ನು ಅಳೆಯುವುದು

ಯಂತ್ರವು ಒಂದು ಸಂಖ್ಯೆಯನ್ನು ಕೊಟ್ಟೊಡನೆ ನಮ್ಮ ಕೆಲಸ ಮುಗಿಯಿತೆಂದು ಭಾವಿಸಬಾರದು. ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ಮೊದಲು ಮಾಡುವ ಕೆಲಸವೇನು? ಅದರ ಬಾಯನ್ನು ಮುಚ್ಚಿ ಶೂನ್ಯದೋಷವನ್ನು ನೋಡುವುದು. ಪ್ರತಿಕಾಯವೂ ಒಂದು ಅಳತೆಗೋಲಾದುದರಿಂದ ಅದಕ್ಕೂ ಇದೇ ನಿಯಮ.

ಗ್ರಾಹಿಯಿಲ್ಲದಿದ್ದರೂ ಕಣವು ಹೊಳೆಯಲು ಮೂರು ಕಾರಣಗಳಿವೆ. ಮೊದಲನೆಯದಾಗಿ, ಕಣದೊಳಗಿನ ಕೆಲವು ಸಹಜ ದ್ರವ್ಯಗಳೇ ಅಷ್ಟಿಷ್ಟು ಪ್ರತಿದೀಪ್ತಿಯನ್ನು ಕೊಡುತ್ತವೆ. ಎರಡನೆಯದಾಗಿ, ಕೆಲವು ಬಿಳಿಯ ರಕ್ತಕಣಗಳ ಮೇಲೆ ಪ್ರತಿಕಾಯದ ಹಿಡಿಯನ್ನೇ ಹಿಡಿದುಕೊಳ್ಳುವ ಬೇರೆ ಗ್ರಾಹಿಗಳಿವೆ. ಇಲ್ಲಿ ದೂತನು ಗುರಿಯನ್ನು ಹಿಡಿದಿಲ್ಲ, ದೂತನನ್ನೇ ಮತ್ತಾರೋ ಹಿಡಿದಿದ್ದಾರೆ. ಮೂರನೆಯದಾಗಿ, ಸತ್ತ ಕಣಗಳು ಯಾವ ಪ್ರತಿಕಾಯವನ್ನಾದರೂ ಅಂಟಿಸಿಕೊಳ್ಳುತ್ತವೆ. ಆದುದರಿಂದ ಸತ್ತ ಕಣಗಳನ್ನು ಬೇರೊಂದು ಬಣ್ಣದಿಂದ ಗುರುತಿಸಿ ಲೆಕ್ಕದಿಂದ ಬಿಡಬೇಕು. ಹಿಡಿಗೆ ಅಂಟುವ ಗ್ರಾಹಿಗಳನ್ನು ಬಣ್ಣವಿಲ್ಲದ ಸಾಮಾನ್ಯ ಪ್ರತಿಕಾಯಗಳಿಂದ ಮೊದಲೇ ತುಂಬಿಬಿಡಬೇಕು. ಅದೇ ವರ್ಗದ, ಆದರೆ ಆ ಕಣದಲ್ಲಿ ಯಾವ ಗುರಿಯೂ ಇಲ್ಲದ ಪ್ರತಿಕಾಯವನ್ನು ಹಾಕಿ ಜೊತೆಯಲ್ಲೊಂದು ಅಳತೆಯನ್ನು ಪಡೆಯಬೇಕು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಗ್ರಾಹಿಯಿದ್ದರೂ ಕಣವು ಕತ್ತಲಾಗಿಯೇ ಉಳಿಯಬಹುದು. ಕೀಮೋಕೈನು ತಗುಲಿದೊಡನೆ ಸಿ.ಸಿ.ಆರ್.೫ ಪೊರೆಯನ್ನು ಬಿಟ್ಟು ಕಣದ ಒಳಕ್ಕೆ ಸರಿಯುತ್ತದೆ. ಹೊರಗೆ ನಿಂತ ಪ್ರತಿಕಾಯಕ್ಕೆ ಅದು ಸಿಕ್ಕುವುದಿಲ್ಲ. ಇಂಥ ಚಲನೆಯನ್ನು ತಡೆಯಲು ಪ್ರತಿಕಾಯವನ್ನು ಕೂಡಿಸುವ ಕೆಲಸವನ್ನು ಅನೇಕ ವೇಳೆ ೪ ಡಿಗ್ರಿ ಸೆಂಟಿಗ್ರೇಡಿನ ತಣ್ಣನೆಯಲ್ಲಿ ನಡೆಸುತ್ತಾರೆ. ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಈ ಗ್ರಾಹಿಯು ಒಂದೇ ಭಂಗಿಯಲ್ಲಿ ನಿಲ್ಲದೆ ಹಲವು ಭಂಗಿಗಳನ್ನು ತಾಳುತ್ತದೆಂದೂ, ಒಂದು ಪ್ರತಿಕಾಯವು ಹಿಡಿಯುವ ಭಂಗಿಯನ್ನು ಇನ್ನೊಂದು ಹಿಡಿಯದಿರಬಹುದೆಂದೂ ೧೯೯೯ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಹೀಗಿರುವಾಗ ಪ್ರತಿಕಾಯವು ಹೇಳುವುದು 'ಇಲ್ಲಿ ಇಷ್ಟು ಗ್ರಾಹಿಗಳಿವೆ' ಎಂದಲ್ಲ. 'ನಾನು ಬಲ್ಲ ಆಕಾರವು ಇಲ್ಲಿ ಇಷ್ಟು ಕಡೆ ನನಗೆ ಸಿಕ್ಕಿತು' ಎಂದಷ್ಟೆ. ಈ ಎರಡು ವಾಕ್ಯಗಳ ನಡುವಣ ಅಂತರವನ್ನು ಮರೆತವನು ಯಂತ್ರವು ಎಷ್ಟೇ ಉತ್ತಮವಾಗಿದ್ದರೂ ತಪ್ಪು ನಿರ್ಣಯಕ್ಕೆ ಬರುವನು.

ಪ್ರಕೃತಿಯೇ ಒದಗಿಸಿದ ಶೂನ್ಯ

ಇಷ್ಟು ಎಚ್ಚರಿಕೆ ಏತಕ್ಕೆಂದರೆ, ಈ ಗ್ರಾಹಿಯ ವಿಷಯದಲ್ಲಿ 'ಇದೆ' ಎಂಬುದಕ್ಕಿಂತ 'ಇಲ್ಲ' ಎಂಬುದು ಮನುಷ್ಯನ ಜೀವಕ್ಕೆ ಹೆಚ್ಚು ಸಂಬಂಧಪಟ್ಟಿದೆ.

ಏಡ್ಸ್ ರೋಗವನ್ನು ತರುವ ಎಚ್.ಐ.ವಿ. ವೈರಸ್ಸು ರಕ್ಷಕ ಕಣದ ಮೇಲಿನ ಸಿ.ಡಿ.೪ ಎಂಬ ಪ್ರೋಟೀನನ್ನು ಹಿಡಿದು ಒಳಹೊಗುತ್ತದೆಂದು ೧೯೮೪ರಲ್ಲಿ ತಿಳಿದಿತ್ತು. ಆದರೆ ಮಾನವನ ಸಿ.ಡಿ.೪ನ್ನು ಇಲಿಯ ಕಣಗಳ ಮೇಲೆ ಮೂಡಿಸಿದರೂ ವೈರಸ್ಸು ಒಳಕ್ಕೆ ಹೋಗಲಿಲ್ಲ. ಬಾಗಿಲಿಗೆ ಇನ್ನೊಂದು ಅಗಳಿಯಿದ್ದಿರಬೇಕು. ೧೯೯೫ರ ಡಿಸೆಂಬರಿನಲ್ಲಿ ಪಾವೊಲೊ ಲುಸ್ಸೋ, ರಾಬರ್ಟ್ ಗ್ಯಾಲೊ ಮೊದಲಾದವರು ಮೂರು ಕೀಮೋಕೈನುಗಳು ವೈರಸ್ಸನ್ನು ತಡೆಯುತ್ತವೆಂದು ತೋರಿಸಿದರು. ಆ ಮೂರನ್ನೂ ಗ್ರಹಿಸುವ ಗ್ರಾಹಿ ಸಿ.ಸಿ.ಆರ್.೫. ೧೯೯೬ರ ಜೂನ್ ತಿಂಗಳಲ್ಲಿ ಐದು ಸಂಶೋಧಕ ತಂಡಗಳು, ಆ ಎರಡನೆಯ ಅಗಳಿಯು ಇದೇ ಎಂದು ಸ್ವತಂತ್ರವಾಗಿ ಪ್ರಕಟಿಸಿದವು. ವೈರಸ್ಸಿನ ಕೆಲವು ತಳಿಗಳು ಸಿ.ಎಕ್ಸ್.ಸಿ.ಆರ್.೪ ಎಂಬ ಬೇರೊಂದು ಗ್ರಾಹಿಯನ್ನು ಬಳಸುವುದುಂಟು. ಆದರೆ ಒಬ್ಬರಿಂದೊಬ್ಬರಿಗೆ ಹೊಸದಾಗಿ ಹರಡುವ ತಳಿಗಳು ಬಹುಮಟ್ಟಿಗೆ ಸಿ.ಸಿ.ಆರ್.೫ನ್ನೇ ಅವಲಂಬಿಸಿವೆ.

ಇದೇ ವರ್ಷ ಬೇರೊಂದು ಸಮಸ್ಯೆಯೂ ಬಗೆಹರಿಯಿತು. ವೈರಸ್ಸಿನ ಸಂಪರ್ಕಕ್ಕೆ ಪದೇ ಪದೇ ಒಳಗಾಗಿಯೂ ಸೋಂಕು ತಗುಲದೆ ಉಳಿದ ಕೆಲವರಿದ್ದರು. ಅಂಥ ಇಬ್ಬರಲ್ಲಿ ಸಿ.ಸಿ.ಆರ್.೫ರ ಜೀನಿನ ಎರಡು ಪ್ರತಿಗಳಲ್ಲಿಯೂ ೩೨ ಅಕ್ಷರಗಳಷ್ಟು ಭಾಗವು ಬಿಟ್ಟುಹೋಗಿರುವುದನ್ನು ನ್ಯೂಯಾರ್ಕಿನ ಆರನ್ ಡೈಮಂಡ್ ಸಂಶೋಧನ ಕೇಂದ್ರದವರು ಕಂಡರು. ಹೀಗಾದಾಗ ಪ್ರೋಟೀನು ಮೊಟಕಾಗಿ, ಕಣದ ಹೊರಮೈಯನ್ನು ತಲುಪುವುದೇ ಇಲ್ಲ. ಯೂರೋಪ್ ಮೂಲದ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರು ಇಂಥವರು. ಪ್ರತಿಕಾಯಗಳು ಸಿದ್ಧವಾದ ಮೇಲೆ ಇಂಥವರ ಕಣಗಳನ್ನು ಪರೀಕ್ಷಿಸಿದಾಗ ಅವು ಕತ್ತಲಾಗಿಯೇ ಉಳಿದವು. ಒಂದು ಪ್ರತಿ ಮಾತ್ರ ಕೆಟ್ಟಿರುವವರ ಕಣಗಳು ಸರಾಸರಿಯಲ್ಲಿ ಉಳಿದವರಿಗಿಂತ ಮಂಕಾಗಿ ಹೊಳೆದವು. ಇಲ್ಲಿ ಎರಡು ಪ್ರಯೋಜನಗಳು ಒಟ್ಟಿಗೆ ದೊರೆತುದನ್ನು ಗಮನಿಸಬೇಕು. ಪ್ರತಿಕಾಯವು ಆ ಜನರ ಕಣಗಳಲ್ಲಿ ಗ್ರಾಹಿಯಿಲ್ಲವೆಂದು ತಿಳಿಸಿತು. ಜೀನಿನ ಪರೀಕ್ಷೆಯಿಂದ ಗ್ರಾಹಿಯಿಲ್ಲವೆಂದು ಬೇರೆಯಾಗಿ ನಿಶ್ಚಯವಾದ ಆ ಕಣಗಳು ಪ್ರತಿಕಾಯಕ್ಕೆ ನಿಜವಾದ ಶೂನ್ಯವನ್ನು ಒದಗಿಸಿದವು. ಅಳತೆಗೋಲೂ ಅಳೆಯಲ್ಪಟ್ಟ ವಸ್ತುವೂ ಒಂದನ್ನೊಂದು ಒರೆಗೆ ಹಚ್ಚಿದವು.

ಈ ಅರಿವು ಚಿಕಿತ್ಸೆಗೂ ದಾರಿ ಮಾಡಿತು. ಈ ಗ್ರಾಹಿಯ ಗುಳಿಯಲ್ಲಿ ಕುಳಿತು ವೈರಸ್ಸನ್ನು ತಡೆಯುವ ಮರಾವಿರಾಕ್ ಎಂಬ ಔಷಧಕ್ಕೆ ೨೦೦೭ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದೇ ವರ್ಷ ಬರ್ಲಿನಿನಲ್ಲಿ, ರಕ್ತದ ಅರ್ಬುದರೋಗವೂ ಎಚ್.ಐ.ವಿ. ಸೋಂಕೂ ಇದ್ದ ಟಿಮತಿ ರೇ ಬ್ರೌನ್ ಎಂಬವರಿಗೆ ವೈದ್ಯ ಗೇರೋ ಹ್ಯುಟರ್ ಮತ್ತು ಸಂಗಡಿಗರು ಈ ಗ್ರಾಹಿಯಿಲ್ಲದ ದಾನಿಯ ರಕ್ತಜನಕ ಕಣಗಳನ್ನು ನೆಟ್ಟರು. ಸುಮಾರು ಐದು ತಿಂಗಳ ಬಳಿಕ ಅವರ ಕರುಳಿನ ಒಳಪದರದ ತುಣುಕನ್ನು ಪರೀಕ್ಷಿಸಿದಾಗ, ಸಿ.ಡಿ.೪ ಇರುವ ಹೊಸ ಲಸಿಕಾಕಣಗಳಲ್ಲಿ ಗ್ರಾಹಿ ಕಾಣದಿದ್ದರೂ, ಅಲ್ಲಿನ ಕೆಲವು ಭಕ್ಷಕಕಣಗಳು ಇನ್ನೂ ಸಿ.ಸಿ.ಆರ್.೫ನ್ನು ಧರಿಸಿದ್ದುವು. ರಕ್ತವನ್ನು ಮಾತ್ರ ನೋಡಿದ್ದರೆ ಹಳೆಯ ಕಣಗಳೆಲ್ಲ ತೀರಿದವೆಂದು ಭಾವಿಸಬಹುದಾಗಿತ್ತು. ಉಳಿದಿರುವುದನ್ನು ಪರೀಕ್ಷೆಯು ಮರೆಮಾಚದೆ ತಿಳಿಸಿತು. ಆದರೂ ವೈರಸ್ಸು ಮರಳಲಿಲ್ಲ. ೨೦೨೦ರಲ್ಲಿ ಅರ್ಬುದರೋಗವು ಮರುಕಳಿಸಿ ಅವರು ತೀರಿಕೊಳ್ಳುವವರೆಗೂ ಅವರು ಎಚ್.ಐ.ವಿ.ಯಿಂದ ಮುಕ್ತರಾಗಿಯೇ ಇದ್ದರು. ಲಂಡನ್ನಿನ ಆಡಮ್ ಕಾಸ್ಟಿಯೇಹೋ ಅವರಿಗೆ ೨೦೧೬ರಲ್ಲಿ ನಡೆದ ಇಂಥದೇ ಚಿಕಿತ್ಸೆಯ ಯಶಸ್ಸು ೨೦೧೯ರಲ್ಲಿ ಪ್ರಕಟವಾಯಿತು.

ಇದನ್ನೋದಿ ಸೋಂಕಿತರೆಲ್ಲರಿಗೂ ಇಂಥ ನಾಟಿಯನ್ನು ಮಾಡಬಹುದೆಂದು ತಿಳಿಯಬಾರದು. ಅದು ಪ್ರಾಣಾಪಾಯವಿರುವ ಚಿಕಿತ್ಸೆ. ಅರ್ಬುದರೋಗವಿದ್ದುದರಿಂದಲೇ ಅದನ್ನು ಕೈಗೊಂಡರು. ಗ್ರಾಹಿಯಿಲ್ಲದಿರುವುದು ಕೇವಲ ವರವೂ ಅಲ್ಲ. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ಸು ತಗುಲಿದಾಗ ಇಂಥವರು ರೋಗಕ್ಕೆ ತುತ್ತಾಗುವ ಸಂಭವ ಹೆಚ್ಚೆಂದು ೨೦೦೬ರಲ್ಲಿ ತಿಳಿದುಬಂದಿತು. ರಕ್ಷಕ ಕಣದ ಮೂಗು ಇರುವುದು ವೈರಸ್ಸಿನ ಉಪಯೋಗಕ್ಕಲ್ಲ, ನಮ್ಮ ಉಪಯೋಗಕ್ಕೆ. ಭಾರತೀಯರಲ್ಲಿಯಂತೂ ಈ ಜೀನಿನ ಲೋಪ ಅತಿ ವಿರಳ. ೧೯೮೬ರಲ್ಲಿ ಚೆನ್ನೈಯಲ್ಲಿ ವೈದ್ಯೆ ಸುನೀತಿ ಸಾಲೊಮನ್ ಮತ್ತು ಸಂಗಡಿಗರು ನಮ್ಮ ದೇಶದ ಮೊದಲ ಎಚ್.ಐ.ವಿ. ಸೋಂಕುಗಳನ್ನು ಗುರುತಿಸಿದರು, ಅಂದಿನಿಂದ ಇಂದಿನವರೆಗೆ ಇಲ್ಲಿನ ಜನಕ್ಕೆ ರಕ್ಷೆಯಾಗಿರುವುದು ಮುನ್ನೆಚ್ಚರಿಕೆ ಮತ್ತು ಔಷಧಗಳೇ ಹೊರತು ಹುಟ್ಟಿನಿಂದ ಬಂದ ಅದೃಷ್ಟವಲ್ಲ.

ಇಲಿಯ ಜೀವಕೋಶ, ಪಾಚಿಯ ಬಣ್ಣ, ಸ್ಟೋಕ್ಸರ ನಿಯಮ, ಲೇಸರಿನ ಕಿರಣ, ಇಷ್ಟೆಲ್ಲ ಸೇರಿ ಒಂದು ಅಳತೆಗೋಲಾಗಿದೆ. ಕಾಣದ ವಸ್ತುವನ್ನು ಕಾಣಿಸಿಕೊಟ್ಟುದು ಅದರ ಹಿರಿಮೆ. ಆದರೆ ಪ್ರಯೋಗಶಾಲೆಯಲ್ಲಿ ಅದನ್ನು ಬಳಸುವವನು ಪ್ರತಿಸಲವೂ ಎರಡು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳಬೇಕಾಗಿದೆ: ಹೊಳೆದುದೆಲ್ಲ ಗ್ರಾಹಿಯೇ? ಹೊಳೆಯದ ಕಡೆಯಲ್ಲೆಲ್ಲ ಗ್ರಾಹಿಯಿಲ್ಲವೇ? ಕರುಳಿನ ಆ ತುಣುಕನ್ನು ಪರೀಕ್ಷಿಸಿದವರು ಎರಡನೆಯ ಪ್ರಶ್ನೆಯನ್ನು ಕೇಳಿದುದರಿಂದಲೇ ರೋಗಿಯ ನಿಜಸ್ಥಿತಿ ತಿಳಿಯಿತು.